ಕರೆಂಟಿನ ಮಂಚ, ಗೋಡೆಯ ಗೆರೆ

ಎರಡು ವರ್ಷದ ಹಿಂದೆ ಅಮ್ಮನ ಬಲಭುಜ ಹಿಡಿದುಕೊಂಡಿತು. ಮೊದಮೊದಲು ರಾತ್ರಿ ಆ ಮಗ್ಗುಲಿಗೆ ಮಲಗಲಾಗುತ್ತಿರಲಿಲ್ಲ. ಆಮೇಲೆ ತಲೆ ಬಾಚಿಕೊಳ್ಳಲು ಕೈ ಏಳಲಿಲ್ಲ. ಕೊನೆಗೆ ಸೆರಗನ್ನು ಹಿಂದಿನಿಂದ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದೂ ಆಗದೆ ಹೋಯಿತು. ಐವತ್ತೆಂಟು ವಯಸ್ಸು, ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಮೂಳೆ ಡಾಕ್ಟರು ನೋಡಿ ‘ಫ್ರೋಜನ್ ಶೋಲ್ಡರ್’ ಎಂದು ಚೀಟಿ ಬರೆದು ಫಿಸಿಯೋಥೆರಪಿಗೆ ಕಳಿಸಿದರು. ಒಂದು ಕ್ಲಿನಿಕ್ಕಿನಲ್ಲಿ ಹತ್ತು ‘ಸಿಟಿಂಗ್’ ಆಯಿತು. ದಿನವೂ ಮಂಚದ ಮೇಲೆ ಮಲಗಿಸಿ, ಭುಜಕ್ಕೆ ನಾಲ್ಕು ಪ್ಯಾಡ್ ಅಂಟಿಸಿ ಹದಿನೈದು ನಿಮಿಷ ಕರೆಂಟು, ಆಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್. ಕೊನೆಯ ದಿನ ಆರು ವ್ಯಾಯಾಮಗಳ ಚಿತ್ರವಿದ್ದ ಒಂದು ಜೆರಾಕ್ಸ್ ಹಾಳೆ ಕೈಗಿತ್ತರು. ಅಮ್ಮನ ಕೈ ಮೊದಲ ದಿನ ಎಷ್ಟು ಏಳುತ್ತಿತ್ತು, ಹತ್ತನೆಯ ದಿನ ಎಷ್ಟು ಎದ್ದಿತು ಎಂದು ಅಲ್ಲಿ ಯಾರೂ ಅಳೆಯಲೇ ಇಲ್ಲ.

ಫಿಸಿಯೋಥೆರಪಿ ಎಂದರೆ ‘ಕರೆಂಟ್ ಕೊಡಿಸಿಕೊಳ್ಳೋದು’ ಎಂಬ ಮಾತು ನಮ್ಮ ಊರುಗಳಲ್ಲಿ ಬೇರೂರಿದೆ. ಭುಜನೋವಿಗೆ ಫಿಸಿಯೋಥೆರಪಿಯೇ ಸರಿಯಾದ ಮೊದಲ ದಾರಿ ಎಂದು ನಂಬಿದವನು ನಾನು. ನಂಬಿರುವುದರಿಂದಲೇ ಇದನ್ನು ಹೇಳಬೇಕಾಗಿದೆ: ಅದರ ಹೆಸರಿನಲ್ಲಿ ನಾವು ದುಡ್ಡು ಕೊಟ್ಟು ತರುತ್ತಿರುವುದು ಎಷ್ಟೋ ಸಲ ಸಿಪ್ಪೆ ಮಾತ್ರ. ತಿರುಳು ಅಲ್ಲೇ ಉಳಿದುಬಿಡುತ್ತದೆ.

ತಿರುಳು ಯಾವುದೆಂದು ತಿಳಿಯಲು ಭುಜದ ಕಟ್ಟನ್ನು ಸ್ವಲ್ಪ ನೋಡಬೇಕು. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಗುಂಡು, ಒರಳಿನಲ್ಲಿ ಗುಂಡುಕಲ್ಲು ಕೂತ ಹಾಗೆ, ಆಳವಾದ ಕುಳಿಯೊಳಗೆ ಭದ್ರವಾಗಿರುತ್ತದೆ. ಭುಜದಲ್ಲಿ ಹಾಗಿಲ್ಲ. ತೋಳುಮೂಳೆಯ ದೊಡ್ಡ ಗುಂಡು, ಹಲಗೆಮೂಳೆಯ ಅಂಚಿನಲ್ಲಿರುವ ಆಳವಿಲ್ಲದ ಪುಟ್ಟ ಬಟ್ಟಲಿಗೆ ಒರಗಿಕೊಂಡಿದೆ. ಅದು ಜಾರದಂತೆ ಹಿಡಿಯುವುದು ಸುತ್ತಲಿನ ನಾಲ್ಕು ಸ್ನಾಯುಗಳು. ಅವುಗಳ ಗುಂಪಿಗೆ ರೊಟೇಟರ್ ಕಫ್ ಎಂದು ಹೆಸರು. ಕೈಯನ್ನು ಪೂರ್ತಿ ಮೇಲೆತ್ತಿದಾಗ ಆ ಚಲನೆಯ ಸುಮಾರು ಮೂರನೇ ಒಂದು ಪಾಲು ಬೆನ್ನಿನ ಹಲಗೆಮೂಳೆ ತಿರುಗುವುದರಿಂದ ಬರುತ್ತದೆ. ಹೀಗೆ ಭುಜ ನಡೆಯುವುದು ಸ್ನಾಯುಗಳ ಹೊಂದಾಣಿಕೆಯಿಂದ. ಮಲಗಿದವರ ಭುಜಕ್ಕೆ ಹೊರಗಿನಿಂದ ಕರೆಂಟು ಹರಿಸಿದರೆ ಆ ಹೊಂದಾಣಿಕೆ ಮರಳುವುದಿಲ್ಲ.

ಭುಜನೋವು ಒಂದೇ ಕಾಯಿಲೆಯೂ ಅಲ್ಲ. ರೊಟೇಟರ್ ಕಫ್ ನೋವಿನಲ್ಲಿ ತಾನಾಗಿ ಕೈ ಎತ್ತಿದರೆ ನೋವು, ಆದರೆ ಬೇರೆಯವರು ಹಿಡಿದೆತ್ತಿದರೆ ಕೈ ಸಾಮಾನ್ಯವಾಗಿ ಮೇಲೇರುತ್ತದೆ. ಫ್ರೋಜನ್ ಶೋಲ್ಡರಿನಲ್ಲಿ ಕೀಲಿನ ಸುತ್ತಲಿನ ಚೀಲವೇ ದಪ್ಪಗಾಗಿ ಕುಗ್ಗಿರುವುದರಿಂದ ಯಾರು ಎತ್ತಿದರೂ ಕೈ ಮೇಲೆ ಹೋಗದು. ಅಮೆರಿಕದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಇದಕ್ಕೆ ಆ ಹೆಸರಿಟ್ಟರು. ನಲವತ್ತರಿಂದ ಅರವತ್ತರೊಳಗಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಇವೆರಡೂ ಅಲ್ಲದ ನೋವೂ ಇದೆ: ಹೃದಯಾಘಾತ ಎಡಭುಜದಲ್ಲಿ, ಪಿತ್ತಕೋಶದ ತೊಂದರೆ ಬಲಭುಜದಲ್ಲಿ, ಕತ್ತಿನ ನರದ ಒತ್ತಡ ತೋಳಿನುದ್ದಕ್ಕೂ ಕಾಣಿಸಿಕೊಳ್ಳಬಹುದು. ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಜೊತೆಗಿದ್ದರೆ ಹೋಗಬೇಕಾದದ್ದು ತುರ್ತು ಚಿಕಿತ್ಸೆಗೆ. ಯಾವ ನೋವು ಎಂದು ಬೇರ್ಪಡಿಸಿ ನೋಡದೆ ಎಲ್ಲ ಭುಜಕ್ಕೂ ಒಂದೇ ಪ್ಯಾಡ್ ಅಂಟಿಸುವುದು ಈ ಪದ್ಧತಿಯ ಮೊದಲ ದೋಷ.

ಎರಡನೆಯ ದೋಷ ಭಯ ಹುಟ್ಟಿಸುವುದು. ಇದಕ್ಕೆ ಇಡೀ ವೈದ್ಯಲೋಕವೇ ಹೊಣೆ. 1972ರಲ್ಲಿ ಚಾರ್ಲ್ಸ್ ನೀರ್ ಎಂಬ ಅಮೆರಿಕದ ಶಸ್ತ್ರವೈದ್ಯರು, ಭುಜದ ಮೇಲಿನ ಮೂಳೆ ಕೆಳಗಿನ ಸ್ನಾಯುರಜ್ಜುವನ್ನು ಉಜ್ಜುವುದೇ ನೋವಿಗೆ ಕಾರಣವೆಂದು ವಾದಿಸಿ, ಆ ಮೂಳೆಯನ್ನು ಕೆತ್ತುವ ಶಸ್ತ್ರಚಿಕಿತ್ಸೆಯನ್ನು ಮುಂದಿಟ್ಟರು. ದಶಕಗಳ ಕಾಲ ಅದು ಜಗತ್ತಿನಾದ್ಯಂತ ನಡೆಯಿತು. 2017ರ ಕೊನೆಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂತು. ಅದರಲ್ಲಿದ್ದ 313 ರೋಗಿಗಳಲ್ಲಿ ಒಂದು ಗುಂಪಿಗೆ ಮೂಳೆ ಕೆತ್ತಿದರು, ಇನ್ನೊಂದು ಗುಂಪಿಗೆ ಕ್ಯಾಮೆರಾ ಇಳಿಸಿ ನೋಡಿ ಏನೂ ಕೆತ್ತದೆ ಹೊಲಿದರು, ಮೂರನೆಯ ಗುಂಪಿಗೆ ಏನೂ ಮಾಡಲಿಲ್ಲ. ಕೆತ್ತಿಸಿಕೊಂಡವರಿಗೂ ಬರೀ ಹೊಲಿಸಿಕೊಂಡವರಿಗೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಉಜ್ಜುವ ಮೂಳೆಯ ಕಥೆ ಅಲ್ಲಿಗೆ ಅಲುಗಾಡಿತು.

ಹಾಗೆಯೇ ‘ಹರಿದಿದೆ’ ಎಂಬ ಮಾತು. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಭುಜನೋವೇ ಇಲ್ಲದ 96 ಜನರ ಎಂಆರ್‌ಐ ತೆಗೆಸಿತು. ಅರವತ್ತು ದಾಟಿದವರಲ್ಲಿ ಶೇ. 54ರಷ್ಟು ಮಂದಿಗೆ ರೊಟೇಟರ್ ಕಫ್ ಪೂರ್ತಿಯೋ ಅರ್ಧವೋ ಹರಿದಿರುವುದು ಕಂಡಿತು. ಕೂದಲು ನರೆತ ಹಾಗೆ ಅದೂ ವಯಸ್ಸಿನ ಗುರುತಾಗಿರಬಹುದು. ಬಿದ್ದು ಪೆಟ್ಟಾಗಿ ಕೈ ಇದ್ದಕ್ಕಿದ್ದಂತೆ ಎತ್ತಲಾಗದಿದ್ದರೆ ಆ ಮಾತು ಬೇರೆ. ಆದರೆ ವರದಿಯ ಒಂದು ಸಾಲು ಓದಿ, ಕೈ ಎತ್ತಿದರೆ ಇನ್ನಷ್ಟು ಹರಿಯುತ್ತದೆಂದು ತಿಂಗಳುಗಟ್ಟಲೆ ತೋಳನ್ನು ಎದೆಗವಚಿಕೊಂಡವರನ್ನು ನಾನು ಕಂಡಿದ್ದೇನೆ. ಆ ಭಯವನ್ನು ಯಾವ ಯಂತ್ರವೂ ಇಳಿಸಲಾರದು. ಬಾಯಿಬಿಟ್ಟು ಹೇಳುವವರು ಬೇಕು.

ಅಂಥವರೊಬ್ಬರು ಅಮ್ಮನಿಗೆ ಸಿಕ್ಕಿದ್ದು ಮೂರು ತಿಂಗಳ ಮೇಲೆ. ಚಿಕ್ಕ ಕೋಣೆ, ಒಂದು ಮಂಚ, ಗೋಡೆಗೊಂದು ಕನ್ನಡಿ. ಆ ಫಿಸಿಯೋಥೆರಪಿಸ್ಟ್ ಹುಡುಗಿ ಮೊದಲ ಇಪ್ಪತ್ತು ನಿಮಿಷ ಭುಜ ಮುಟ್ಟಲೇ ಇಲ್ಲ. ಯಾವ ಕೆಲಸ ಆಗುತ್ತಿಲ್ಲ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಸಕ್ಕರೆ ಹತೋಟಿಯಲ್ಲಿದೆಯೇ ಎಂದು ಕೇಳಿದಳು. ಆಮೇಲೆ ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಸಿ ಮುಂಗೈಗಳನ್ನು ಹೊರಕ್ಕೆ ತಿರುಗಿಸಲು ಹೇಳಿದಳು. ಎಡಗೈ ಬಾಗಿಲಿನ ಹಾಗೆ ತೆರೆಯಿತು, ಬಲಗೈ ಅಲುಗಿದ್ದೇ ಹೆಚ್ಚು. ಅಂಗೈಯಗಲದ ಕೋನಮಾಪಕ ಇಟ್ಟು ಡಿಗ್ರಿ ಬರೆದುಕೊಂಡಳು.

“ಅಮ್ಮಾ, ಇದು ಮೂರು ಹಂತದಲ್ಲಿ ನಡೆಯುತ್ತೆ. ಮೊದಲು ನೋವು, ಆಮೇಲೆ ಬಿಗಿತ, ಆಮೇಲೆ ಸಡಿಲ. ನಿಮಗೀಗ ನೋವಿನ ಹಂತ ಮುಗೀತಾ ಬಂದಿದೆ. ವಾರದಲ್ಲಿ ಹೋಗಲ್ಲ, ತಿಂಗಳುಗಳೇ ಬೇಕು.”

“ಮಾಡ್ವಾಗ ನೋವು ಬಂದ್ರೆ ನಿಲ್ಲಿಸ್ಬೇಕೇನಮ್ಮಾ?”

“ಸ್ವಲ್ಪ ನೋವಾದ್ರೆ ಪರವಾಗಿಲ್ಲ. ಮಾರನೇ ಬೆಳಿಗ್ಗೆಗೂ ಉಳ್ಕೊಂಡಿದ್ರೆ ಜಾಸ್ತಿ ಮಾಡಿದ್ದೀರಿ ಅಂತ ಅರ್ಥ. ಆವತ್ತು ಕಡಿಮೆ ಮಾಡಿ, ಬಿಡಬೇಡಿ.”

ಕಲಿಸಿದ್ದು ಮೂರೇ ವ್ಯಾಯಾಮ. ಮುಂದೆ ಬಾಗಿ ಕೈಯನ್ನು ಲೋಲಕದಂತೆ ತೂಗುವುದು. ಕಾಡ್‌ಮನ್ ಹೆಸರಿನಲ್ಲೇ ಪ್ರಸಿದ್ಧವಾದದ್ದಿದು. ಎಡಗೈಯಲ್ಲಿ ಕೋಲು ಹಿಡಿದು ಬಲಗೈಯನ್ನು ಹೊರಕ್ಕೆ ತಳ್ಳುವುದು. ಬೆರಳುಗಳಿಂದ ಗೋಡೆ ಹತ್ತುವುದು. ಬೆರಳು ತಲುಪಿದ ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಬೇಕು. ಮನೆಗೆ ಬಂದ ಅಮ್ಮ ಅಡುಗೆಮನೆಯ ಬಾಗಿಲ ಪಕ್ಕ, ತನ್ನ ಕಿವಿಯ ಮಟ್ಟದಲ್ಲಿ, ಮೊದಲ ಗೆರೆ ಎಳೆದಳು. ಕ್ಲಿನಿಕ್ಕಿನ ಮಂಚದಲ್ಲಿ ಹತ್ತು ದಿನ ಸಿಗದ ಅಳತೆ ಹೀಗೆ ಅವಳ ಕೈಗೇ ಬಂತು.

ಇಷ್ಟು ಸಾಕೇ, ಪದೇ ಪದೇ ಹೋಗಬೇಡವೇ? 2021ರಲ್ಲಿ ಲ್ಯಾನ್ಸೆಟ್‌ನಲ್ಲಿಯೇ ಬಂದ ಗ್ರಾಸ್ಪ್ ಎಂಬ ಅಧ್ಯಯನ, ರೊಟೇಟರ್ ಕಫ್ ನೋವಿದ್ದ 708 ಜನರಲ್ಲಿ ಇದನ್ನೇ ಪರೀಕ್ಷಿಸಿತು. ಫಿಸಿಯೋಥೆರಪಿಸ್ಟ್ ಎದುರು ಆರು ಸಲದವರೆಗೆ ವ್ಯಾಯಾಮ ಮಾಡಿದವರಿಗೂ, ಒಂದೇ ಸಲ ಸರಿಯಾಗಿ ವಿವರಿಸಿ ಮನೆಯಲ್ಲಿ ಮಾಡಲು ಕಲಿಸಿ ಕಳಿಸಿದವರಿಗೂ ವರ್ಷದ ಕೊನೆಗೆ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಇದನ್ನು ಫಿಸಿಯೋಥೆರಪಿಯ ಸೋಲೆಂದು ಓದುವವರಿದ್ದಾರೆ. ನನಗೆ ಇದು ಒಂದು ಒಳ್ಳೆಯ ಭೇಟಿಯ ಬೆಲೆ ತಿಳಿಸುವ ಫಲಿತಾಂಶ.

ಬಲವಂತದ ಬಗ್ಗೆಯೂ ಎಚ್ಚರ ಬೇಕು. ನೋವಿನ ಹಂತದಲ್ಲೇ ಭುಜವನ್ನು ಹಿಂಡಿ, ಎಳೆದು, ಕಣ್ಣೀರು ಬರಿಸುವುದನ್ನು ಶ್ರದ್ಧೆಯೆಂದು ತಿಳಿದ ಕೋಣೆಗಳಿವೆ. 2004ರ ಒಂದು ಡಚ್ ಅಧ್ಯಯನದಲ್ಲಿ, ಫ್ರೋಜನ್ ಶೋಲ್ಡರಿನ 77 ಜನರ ಪೈಕಿ, ನೋವಿನ ಮಿತಿಯೊಳಗೆ ಮೃದುವಾಗಿ ಕೈ ಆಡಿಸಿದವರಲ್ಲಿ ಶೇ. 89ರಷ್ಟು ಮಂದಿ ಎರಡು ವರ್ಷದಲ್ಲಿ ಬಹುಮಟ್ಟಿಗೆ ಸರಿಹೋದರು. ನೋವು ಮೀರಿ ಎಳೆಸಿಕೊಂಡವರಲ್ಲಿ ಆ ಮಟ್ಟ ಮುಟ್ಟಿದ್ದು ಶೇ. 63.

ಹಾಗಾದರೆ ಅಮ್ಮನ ಭುಜವನ್ನು ಸಡಿಲಿಸಿದ್ದು ಆ ಹುಡುಗಿಯೇ, ಕಾಲವೇ? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬಾರದು. ಫ್ರೋಜನ್ ಶೋಲ್ಡರ್ ಬಹಳ ಜನರಲ್ಲಿ ತಾನಾಗಿಯೇ ನಿಧಾನಕ್ಕೆ ಬಿಡುತ್ತದೆ. ಆದ್ದರಿಂದ ಗೋಡೆಯ ಪ್ರತಿ ಗೆರೆಯನ್ನೂ ವ್ಯಾಯಾಮದ ಲೆಕ್ಕಕ್ಕೆ ಬರೆಯಲಾರೆ. ಆದರೆ ಕಾಯುವ ಆ ತಿಂಗಳುಗಳನ್ನು ಅಮ್ಮ ಕಳೆದ ರೀತಿಯೇ ಬದಲಾಯಿತು. ಮೊದಲು ಕೈ ಕೆಟ್ಟೇಹೋಯಿತೆಂದು ಅಳುತ್ತಿದ್ದವಳು, ಆಮೇಲೆ ಇದು ಇಷ್ಟು ದಿನದ್ದು ಎಂದು ತಿಳಿದು ಆ ಕೈಯಲ್ಲೇ ಚಪಾತಿ ಲಟ್ಟಿಸಿದಳು. ಚಿಕಿತ್ಸೆ ಕೊಟ್ಟದ್ದು ಅದನ್ನು. ಅದು ಸಣ್ಣದಲ್ಲ.

ಯಂತ್ರಗಳೆಲ್ಲ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಬಿಸಿ ಶಾಖವೋ ಕರೆಂಟೋ ಅರ್ಧ ಗಂಟೆ ನೋವು ಮರೆಸಿದರೆ, ಆ ಅರ್ಧ ಗಂಟೆಯಲ್ಲಿ ಕೈ ಆಡಿಸಬಹುದು. ಶುರುವಿನ ನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಕೆಲದಿನ ಸಕ್ಕರೆ ಏರುತ್ತದೆಂದು ತಿಳಿದಿರಬೇಕು, ಅಷ್ಟೆ. ಬಾಗಿಲು ತೆರೆಯಬೇಕಾದ ಯಂತ್ರವೇ ಮನೆಯಾಗಿ ಕೂತದ್ದು ತಪ್ಪು. ಹಾಗೆ ಕೂರಲು ಕಾರಣವೂ ಇದೆ. ಒಬ್ಬರೇ ಫಿಸಿಯೋಥೆರಪಿಸ್ಟ್ ನಾಲ್ಕು ಮಂಚಗಳಲ್ಲಿ ಏಕಕಾಲಕ್ಕೆ ಯಂತ್ರ ಹಚ್ಚಬಹುದು. ನಲವತ್ತು ನಿಮಿಷ ಕೂತು ಮಾತಾಡಿಸುವುದು ಒಬ್ಬರನ್ನೇ. ನಾವೂ ಯಂತ್ರಕ್ಕೆ ಮರುಮಾತಿಲ್ಲದೆ ದುಡ್ಡು ಕೊಟ್ಟು, ಮಾತಿಗೆ ಮಾತ್ರ ‘ಇದನ್ನು ಮನೇಲೇ ಮಾಡ್ಕೋಬಹುದಲ್ಲ’ ಎಂದು ಚೌಕಾಸಿ ಮಾಡುತ್ತೇವೆ. ನಾಲ್ಕು ವರ್ಷ ಓದಿ ಅದರ ಮೇಲೆ ಇಂಟರ್ನ್‌ಶಿಪ್ ಮುಗಿಸಿದವರ ಕಣ್ಣು, ಕೈ, ತಿಳಿವಳಿಕೆಗೆ ಬೆಲೆ ಕಟ್ಟುವುದನ್ನು ರೋಗಿಗಳಾದ ನಾವೇ ಮೊದಲು ಕಲಿಯಬೇಕು.

ಅಡುಗೆಮನೆಯಲ್ಲಿ ಈಗ ಹನ್ನೊಂದು ಗೆರೆಗಳಿವೆ. ಕೊನೆಯದು ಮೊದಲನೆಯದಕ್ಕಿಂತ ಒಂದೂವರೆ ಗೇಣು ಮೇಲೆ. ಅಮ್ಮ ತಲೆ ತಾನೇ ಬಾಚಿಕೊಳ್ಳುತ್ತಾಳೆ, ಸೆರಗು ಸಿಕ್ಕಿಸಿಕೊಳ್ಳುತ್ತಾಳೆ. ಬೆನ್ನಿನ ಮೇಲ್ಭಾಗಕ್ಕೆ ಕೈ ಇನ್ನೂ ಎಟುಕುವುದಿಲ್ಲ. ಹೋದ ವಾರ ಪಕ್ಕದ ಮನೆಯವರು ಎಡಭುಜ ಒತ್ತಿಕೊಳ್ಳುತ್ತಾ ಬಂದು, ಎಲ್ಲಿ ಕರೆಂಟ್ ಚೆನ್ನಾಗಿ ಕೊಡುತ್ತಾರೆಂದು ಕೇಳಿದರು. ಅಮ್ಮ ಅವರನ್ನು ಗೋಡೆಯ ಹತ್ತಿರ ನಿಲ್ಲಿಸಿ, “ಮೊದಲು ಕೈ ಎಷ್ಟು ಏಳುತ್ತೆ ನೋಡೋಣ ಬನ್ನಿ,” ಎಂದು ಪೆನ್ಸಿಲ್ ತೆಗೆದುಕೊಂಡಳು.