ಕೀರಲು ಹಾರ್ಮೋನಿಯಂ, ಒಂಟಿ ಕ್ಯಾಮೆರಾ

ಅಮೆರಿಕದ ಆಸ್ಟಿನ್ ನಗರದಲ್ಲಿ 1980ರ ದಶಕದ ನಡುವೆ ಡೇನಿಯಲ್ ಜಾನ್‌ಸ್ಟನ್ ಎಂಬ ಯುವಕ ಸಿಕ್ಕಸಿಕ್ಕವರ ಕೈಗೆ ಕ್ಯಾಸೆಟ್ ತುರುಕುತ್ತಿದ್ದ. ಹೊಟ್ಟೆಪಾಡಿಗೆ ಮೆಕ್‌ಡೊನಾಲ್ಡ್ಸ್‌ನಲ್ಲಿ ಕೆಲಸ. ಹಾಡು, ವಾದನ, ಮುದ್ರಣ, ಹೊದಿಕೆಯ ಚಿತ್ರ ಎಲ್ಲವೂ ಅವನದೇ. ಶುರುವಿನಲ್ಲಂತೂ ಕ್ಯಾಸೆಟ್ ನಕಲು ಮಾಡುವ ಅನುಕೂಲವಿರಲಿಲ್ಲ. ಯಾರಾದರೂ ಕೇಳಿದರೆ ಇಡೀ ಆಲ್ಬಂ ಮತ್ತೆ ಮೊದಲಿನಿಂದ ಹಾಡಿ ಕೊಡುತ್ತಿದ್ದ!

ಈ ಒಂಟಿ ಕಾರ್ಖಾನೆ ಶುರುವಾದದ್ದು ವೆಸ್ಟ್ ವರ್ಜಿನಿಯಾದ ಮನೆಯಲ್ಲಿ. ಹುಡುಗನ ಕೈಯಲ್ಲಿ ಸೂಪರ್ 8 ಸಿನಿಮಾ ಕ್ಯಾಮೆರಾ. ತಾಯಿಯ ವೇಷ ಹಾಕಿ ಬೈಯುವವನೂ ಅವನೇ, ಮಗನಾಗಿ ಬೈಸಿಕೊಳ್ಳುವವನೂ ಅವನೇ. ಮುಂದೆ ತಾಯಿಯ ನಿಜವಾದ ಬೈಗುಳವನ್ನೇ ಟೇಪಿಗೆ ಹಿಡಿದು ಹಾಡುಗಳ ನಡುವೆ ಸೇರಿಸಿದ. ಸಿನಿಮಾದವರು ದೃಶ್ಯ ಜೋಡಿಸುವ ಬಗೆ ಇದು. ಅವನ ಆಲ್ಬಂಗಳನ್ನು ಹಾಗೆಯೇ ಕೇಳಬೇಕು.

1983ರ ‘ಯಿಪ್ ಜಂಪ್ ಮ್ಯೂಸಿಕ್’ ಆಲ್ಬಂನಲ್ಲಿ ‘ಕಿಂಗ್ ಕಾಂಗ್’ ಎಂಬ ಹಾಡಿದೆ. ಪಕ್ಕವಾದ್ಯವಿಲ್ಲ. ತೆಳ್ಳನೆಯ, ಆಗಾಗ ನಡುಗುವ ದನಿಯೊಂದು ಅದೇ ಹೆಸರಿನ ಹಳೆಯ ಸಿನಿಮಾದ ಕಥೆ ಹೇಳುತ್ತ ಹೋಗುತ್ತದೆ, ಅಷ್ಟೆ. ಆದರೂ ಆ ದೈತ್ಯ ಗೊರಿಲ್ಲಾದ ಒಂಟಿತನ ಕೇಳುವವರಿಗೆ ತಟ್ಟುತ್ತದೆ. ಉಳಿದ ಹೆಚ್ಚಿನ ಹಾಡುಗಳಲ್ಲಿ ಪುಟ್ಟ ಆರ್ಗನ್ ಹಾರ್ಮೋನಿಯಂನಂತೆ ಕೀರಲಾಗಿ ನುಡಿಯುತ್ತದೆ, ಟೇಪು ಸುಯ್ಯೆನ್ನುತ್ತದೆ. ಬೀಟಲ್ಸ್ ತಂಡವನ್ನು ಆರಾಧಿಸುತ್ತ ಬೆಳೆದವನ ರಾಗಗಳು ಮಾತ್ರ ಗಟ್ಟಿ.

1985ರಲ್ಲಿ ಸಂಗೀತ ವಾಹಿನಿ ಎಂಟಿವಿ ಅವನನ್ನು ತೋರಿಸಿತು. 1992ರಲ್ಲಿ ನಿರ್ವಾಣ ರಾಕ್ ತಂಡದ ಕರ್ಟ್ ಕೋಬೇನ್ ಅವನು ಬಿಡಿಸಿದ ಕಪ್ಪೆ ಚಿತ್ರದ ಟೀ ಶರ್ಟ್ ತೊಟ್ಟು ಕ್ಯಾಮೆರಾಗಳೆದುರು ನಿಂತ. ಕ್ಯಾಸೆಟ್ಟುಗಳಿಗೆ ಜಗತ್ತಿನೆಲ್ಲೆಡೆ ಭಕ್ತರು ಹುಟ್ಟಿಕೊಂಡರು. ದೊಡ್ಡ ಕಂಪನಿಯೊಂದರಿಂದ 1994ರಲ್ಲಿ ‘ಫನ್’ ಬಂತು, ಅದು ಹೆಚ್ಚು ಮಾರಾಟವಾಗಲಿಲ್ಲ.

ತೀವ್ರ ಮಾನಸಿಕ ಕಾಯಿಲೆ ಅವನನ್ನು ಬದುಕಿಡೀ ಕಾಡಿತು, ಹಲವು ಸಲ ಆಸ್ಪತ್ರೆ ಸೇರಿಸಿತು. ಜೆಫ್ ಫಾಯರ್ಜೈಗ್ ನಿರ್ದೇಶನದ 2005ರ ಸಾಕ್ಷ್ಯಚಿತ್ರ ‘ದ ಡೆವಿಲ್ ಅಂಡ್ ಡೇನಿಯಲ್ ಜಾನ್‌ಸ್ಟನ್’ ಇದನ್ನು ಮರೆಮಾಚದೆ ಹೇಳುತ್ತದೆ. ಅವನ ಬಾಲ್ಯದ ಸಿನಿಮಾ ತುಣುಕುಗಳೂ ಅದರಲ್ಲಿವೆ. ಆದರೆ ಕಾಯಿಲೆಯೇ ಹಾಡು ಬರೆಯಿತು ಎನ್ನುವವರ ಮಾತು ತಪ್ಪು. ಕಾಯಿಲೆ ಅವನ ಎಷ್ಟೋ ವರ್ಷಗಳನ್ನು ಕಸಿದುಕೊಂಡಿತು. ಹಾಡು ಬಂದದ್ದು ದಿನವೂ ಕೂತು ಕಟ್ಟುವ ಹಟದಿಂದ.

ಜಾನ್‌ಸ್ಟನ್ 2019ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಹೊಸಬರು ‘ಕಿಂಗ್ ಕಾಂಗ್’ನಿಂದಲೇ ಶುರು ಮಾಡಲಿ. ಆಮೇಲೆ 2004ರಲ್ಲಿ ಅವನ ಗೌರವಾರ್ಥ ಬಂದ ಹಾಡುಗಳ ಸಂಕಲನದಲ್ಲಿ ಗಾಯಕ ಟಾಮ್ ವೇಟ್ಸ್ ಹಾಡಿರುವ ಅದೇ ಹಾಡನ್ನು ಕೇಳಲಿ. ಮೊದಲು ಮೂಲವನ್ನೇ ಕೇಳಬೇಕು, ಅದೂ ಹೆಡ್‌ಫೋನ್ ಹಾಕಿಕೊಂಡು.