ಒಲ್ಲೆನೆಂದವನಿಗೆ ಬಂದ ಕರೆ

ದೈವದ ಕರೆ ಎಂದೊಡನೆ ಹಾಸನ ಸೀಮೆಯವರಿಗೆ ನೆನಪಾಗುವುದು ಶ್ರವಣಬೆಳಗೊಳದ ಐತಿಹ್ಯ. ಗಂಗರ ಮಂತ್ರಿ ಚಾವುಂಡರಾಯನಿಗೆ ಕನಸಿನಲ್ಲಿ ಅಪ್ಪಣೆಯಾಗುತ್ತದೆ. ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟದತ್ತ ಬಾಣ ಬಿಡುತ್ತಾನೆ. ಬಾಣ ತಾಗಿದೆಡೆ ಗೊಮ್ಮಟ ಮೈದೋರುತ್ತಾನೆ. ಅಪ್ಪಣೆ, ವಿಧೇಯತೆ, ಫಲ ಒಂದರ ಹಿಂದೊಂದು ಬರುತ್ತವೆ. ಈ ಕಥೆ ಕೇಳಿ ಬೆಳೆದ ಚನ್ನರಾಯಪಟ್ಟಣ, ಹೊಳೆನರಸೀಪುರದ ಓದುಗರು ಬೈಬಲಿನಲ್ಲಿ ಯೆರೆಮೀಯನ ಗ್ರಂಥದ ಮೊದಲ ಅಧ್ಯಾಯ ತೆರೆದರೆ ಎದುರಾಗುವುದು ಒಲ್ಲೆನೆನ್ನುವ ಹುಡುಗ.

ಕ್ರಿ.ಪೂ. 627ರ ಸುಮಾರು, ಯೆಹೂದದ ಅರಸ ಯೋಷೀಯನ ಆಳ್ವಿಕೆಯ 13ನೆಯ ವರ್ಷ. ಯೆರೂಸಲೇಮಿನ ಮಗ್ಗುಲಿನ ಅನಾತೋತಿನಲ್ಲಿ ಪುರೋಹಿತ ಮನೆತನದ ಈ ಹುಡುಗ ಯೆರೆಮೀಯನಿಗೆ ದೇವರು, ಹುಟ್ಟುವ ಮೊದಲೇ ನಿನ್ನನ್ನು ಪ್ರವಾದಿಯಾಗಿ ಆರಿಸಿದ್ದೇನೆ ಎನ್ನುತ್ತಾನೆ. ಹುಡುಗನಿಗೆ ಹಿಗ್ಗಿಲ್ಲ, ತನಗೆ ಮಾತು ಬಾರದು, ವಯಸ್ಸು ಸಾಲದು ಎಂದು ಹಿಂಜರಿಯುತ್ತಾನೆ. ಬೈಬಲಿನ ಇನ್ನೊಬ್ಬ ಪ್ರವಾದಿ ಯೆಶಾಯ ಕರೆ ಕೇಳಿ ತಾನಾಗಿ ಮುಂದೆ ಬಂದವನು. ಯೆರೆಮೀಯ ಅಳುಕಿ ಹಿಂದೆ ಸರಿದವನು. ಮೋಶೆಯೂ ಹೀಗೆಯೇ ಅಳುಕಿದ್ದ. ಆ ಅಳುಕನ್ನು ಮುಚ್ಚಿಡದೆ ಉಳಿಸಿಕೊಂಡದ್ದು ಈ ಗ್ರಂಥದ ಮೊದಲ ಹಿರಿಮೆ. ದೇವರು ಅವನ ಯೋಗ್ಯತೆಯನ್ನು ಹೊಗಳುವುದಿಲ್ಲ. ಬಾಯಿ ಮುಟ್ಟಿ ಮಾತು ಇಡುತ್ತಾನೆ, ಜೊತೆಗಿರುತ್ತೇನೆ ಎನ್ನುತ್ತಾನೆ, ಅಷ್ಟೆ.

ವಹಿಸಿದ ಕೆಲಸವೂ ಸಲೀಸಲ್ಲ. ಅದನ್ನು ಹೇಳುವ ಆರು ಕ್ರಿಯೆಗಳಲ್ಲಿ ನಾಲ್ಕು ಕೀಳುವ, ಕೆಡವುವವು. ಕಟ್ಟುವ, ನೆಡುವ ಎರಡು ಕೊನೆಗೆ ಬರುತ್ತವೆ. ಆ ನಾಲ್ಕರ ಭಾರ ನಮ್ಮ ನೆಲಕ್ಕೆ ಹೊಸದಲ್ಲ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಶೆಟ್ಟಿಹಳ್ಳಿಯ ಇಗರ್ಜಿ, ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಅರೆ ಮುಳುಗುತ್ತದೆ. ಊರಿನವರು ಬೇರೆಡೆ ನೆಲೆ ಹುಡುಕಿಕೊಂಡರು. ಬೇರು ಕಿತ್ತುಹೋದವರಿಗೆ ಕೀಳುವುದು ಬರಿಯ ಅಲಂಕಾರದ ಮಾತಲ್ಲ. ಯೆರೆಮೀಯನೂ ತನ್ನ ಜನರು ಬಾಬೆಲಿಗೆ ಗಡಿಪಾರಾಗುವುದನ್ನು ಕಂಡವನು.

ಈ ಪ್ರಸಂಗದಲ್ಲಿ ನನ್ನನ್ನು ಕಾಡುವುದು ಹುಡುಗನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ ಎಂಬುದು. ಹುಟ್ಟುವ ಮೊದಲೇ ನಿಗದಿಯಾದ ಬಾಳಿನಲ್ಲಿ ಸ್ವಾತಂತ್ರ್ಯವೆಲ್ಲಿ? ಗ್ರಂಥ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ದೇವಾಲಯದ ಅಧಿಕಾರಿ ಪಷ್ಹೂರ ಅವನಿಗೆ ಹೊಡೆಸಿ ಕೋಳ ಹಾಕಿಸಿದ ಮೇಲೆ, 20ನೆಯ ಅಧ್ಯಾಯದಲ್ಲಿ, ಯೆರೆಮೀಯ ನೀನು ನನ್ನನ್ನು ಮೋಸಗೊಳಿಸಿದೆ ಎಂದು ದೇವರ ಮೇಲೆಯೇ ದೂರು ಹೇಳುತ್ತಾನೆ, ಹುಟ್ಟಿದ ದಿನವನ್ನು ಶಪಿಸುತ್ತಾನೆ. ಆದರೂ ಸುಮ್ಮನಿರಲಾರ, ಮಾತು ಎಲುಬಿನೊಳಗೆ ಉರಿಯುತ್ತದೆ. ದೇವರ ವಿರುದ್ಧದ ದೂರನ್ನೂ ಪವಿತ್ರ ಗ್ರಂಥದೊಳಗೇ ಇಟ್ಟುಕೊಂಡ ಪರಂಪರೆಯ ಧೈರ್ಯ ದೊಡ್ಡದು.

ಕಟ್ಟುವ, ನೆಡುವ ಎಂಬ ಉಳಿದ ಎರಡು ಕ್ರಿಯೆಗಳಿಗೆ ಮೈ ಬರುವುದು 32ನೆಯ ಅಧ್ಯಾಯದಲ್ಲಿ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ, ಪ್ರವಾದಿ ಸೆರೆಯಲ್ಲಿದ್ದಾನೆ. ಆಗ ಅನಾತೋತಿನ ಹೊಲವೊಂದನ್ನು 17 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಳ್ಳುತ್ತಾನೆ, ಕ್ರಯಪತ್ರವನ್ನು ಮಣ್ಣಿನ ಪಾತ್ರೆಯಲ್ಲಿ ಜೋಪಾನ ಮಾಡಿಸುತ್ತಾನೆ. ನಾಡು ಶತ್ರುವಿನ ಪಾಲಾಗುವ ಹೊತ್ತಿನಲ್ಲಿ ಜಮೀನು ಕೊಳ್ಳುವುದೇ ಅವನ ಅತಿ ಸ್ಪಷ್ಟವಾದ ಪ್ರವಚನ.

ದೀಕ್ಷೆಯ ಆರಾಧನೆಗಳಲ್ಲಿ, ಯುವಜನರ ಕೂಟಗಳಲ್ಲಿ ಮೊದಲ ಅಧ್ಯಾಯವನ್ನಷ್ಟೇ ಓದಿ, ಆಯ್ಕೆಯಾದೆವೆಂಬ ಹೆಮ್ಮೆ ತುಂಬಿ ಕಳಿಸುವುದು ಈ ಪ್ರಸಂಗಕ್ಕೆ ಮಾಡುವ ಅನ್ಯಾಯ. 20 ಮತ್ತು 32ನೆಯ ಅಧ್ಯಾಯಗಳನ್ನು ಜೊತೆಗಿಟ್ಟು ಓದಿದಾಗ ಮಾತ್ರ ಕರೆಯ ಬೆಲೆ ತಿಳಿಯುತ್ತದೆ: ಅದು ಪದವಿಯಲ್ಲ, ಜಗಳವಾಡುತ್ತಲೇ ಹೊರಬೇಕಾದ ಹೊಣೆ.