ಸಾಧಕರ ಫೋಟೊ, ಮಕ್ಕಳ ಕೋಡ್

ಸೈಕಲ್ ಮೇಲೆ ರಾಕೆಟ್ಟಿನ ಮೂತಿ ಹೇರಿಕೊಂಡು ಹೋಗುವ ಕೇರಳದ ತುಂಬಾ ಎಂಬ ಊರಿನ ಆ ಕಪ್ಪು-ಬಿಳುಪು ಫೋಟೊವನ್ನು ನೋಡದವರು ಕಡಿಮೆ. 1963ರ ನವೆಂಬರ್ 21ರಂದು ತಿರುವನಂತಪುರದ ಆ ಕಡಲತಡಿಯಿಂದ ಭಾರತದ ನೆಲದ ಮೊದಲ ರಾಕೆಟ್ ಹಾರಿತು. ಅದು ಅಮೆರಿಕದ ನೈಕಿ-ಅಪಾಚಿ ಎಂಬುದನ್ನು ಭಾಷಣಗಳಲ್ಲಿ ಯಾರೂ ಹೆಚ್ಚು ಹೇಳುವುದಿಲ್ಲ. ಅಂದು ವಿಜ್ಞಾನಿಗಳು ಕೆಲಸ ಮಾಡಿದ ಅಲ್ಲಿನ ಚರ್ಚು ಈಗ ಬಾಹ್ಯಾಕಾಶ ಮ್ಯೂಸಿಯಂ. ಮಕ್ಕಳು ಕಣ್ಣರಳಿಸಿ ನೋಡುತ್ತಾರೆ, ಸಂತೋಷ. ಆದರೆ ಮಾರನೆಯ ದಿನ ಆ ಬೆರಗನ್ನು ಇಟ್ಟುಕೊಂಡು ಅವರು ಏನು ಮಾಡಬೇಕು?

ಈ ಪ್ರಶ್ನೆಗೆ ಕೈಗೆ ಸಿಗುವಂಥ ಉತ್ತರ ಕೊಟ್ಟದ್ದು ಕೇರಳದ ‘ಲಿಟಲ್ ಕೈಟ್ಸ್’. ಶಾಲೆಗಳ ತಂತ್ರಜ್ಞಾನ ಶಿಕ್ಷಣವನ್ನು ನೋಡಿಕೊಳ್ಳುವ ತಿರುವನಂತಪುರದ ಸರ್ಕಾರಿ ಸಂಸ್ಥೆ ಕೈಟ್ 2018ರ ಜನವರಿಯಲ್ಲಿ ಹೈಸ್ಕೂಲುಗಳಲ್ಲಿ ಶುರುಮಾಡಿದ ಐಟಿ ಕ್ಲಬ್ಬುಗಳಿವು. ಅನಿಮೇಶನ್, ಸ್ಕ್ರ್ಯಾಚ್, ಮೊಬೈಲ್ ಆ್ಯಪ್, ಎಲೆಕ್ಟ್ರಾನಿಕ್ಸ್, ಹಾರ್ಡ್‌ವೇರ್ ಎಲ್ಲವೂ ಉಂಟು. ಕೊಚ್ಚಿಯಲ್ಲಿ ನಡೆದ ರಾಜ್ಯಮಟ್ಟದ ಶಿಬಿರಗಳ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ನನಗೆ ಮುಖ್ಯವೆನಿಸುವುದು ಆ ವೇದಿಕೆಯಲ್ಲ, ಶಾಲೆಯ ಲ್ಯಾಬು. ಸ್ಕ್ರ್ಯಾಚಿನಲ್ಲಿ ಹಂಚಿಕೊಂಡ ಯಾರದೇ ಆಟವಾದರೂ ಸರಿ, ಅದರ ಒಳಗಿನ ಬ್ಲಾಕುಗಳನ್ನು ತೆರೆದು ನೋಡಬಹುದು, ಕೆಡಿಸಬಹುದು, ಮತ್ತೆ ಜೋಡಿಸಬಹುದು. ಮ್ಯೂಸಿಯಂನ ಗಾಜಿನ ಪೆಟ್ಟಿಗೆ ಇದಕ್ಕೆ ಆಸ್ಪದ ಕೊಡುವುದಿಲ್ಲ.

ಹೀಗೆ ತೆರೆದು ನೋಡುವ ಗುಣ ಕೇರಳದ ಶಾಲೆಗಳಿಗೆ ಆಕಸ್ಮಿಕವಾಗಿ ಬಂದದ್ದಲ್ಲ. 2001ರಲ್ಲಿ ರಿಚರ್ಡ್ ಸ್ಟಾಲ್ಮನ್ ಬಂದು ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವನ್ನು ಉದ್ಘಾಟಿಸಿದ್ದು ತಿರುವನಂತಪುರದಲ್ಲೇ. ಮುಂದೆ ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳೆಲ್ಲ ಗ್ನೂ/ಲಿನಕ್ಸಿಗೆ ಹೊರಳಿದವು. ಲೈಸೆನ್ಸ್ ಹಣ ಉಳಿಯಿತೆಂದು ಸರ್ಕಾರ ಹೇಳಿಕೊಳ್ಳುತ್ತದೆ. ದೊಡ್ಡ ಲಾಭ ಬೇರೆಯೇ ಇದೆ. ಸಂತೋಷ್ ತೊಟ್ಟಿಙಲ್ ವಿನ್ಯಾಸಗೊಳಿಸಿದ ‘ಮಂಜರಿ’ ಎಂಬ ಮಲಯಾಳಂ ಫಾಂಟಿನಲ್ಲಿ ಪ್ರಬಂಧ ಟೈಪ್ ಮಾಡುವ ಹುಡುಗಿ ಬಯಸಿದರೆ ಅದರ ಮೂಲ ಕಡತಗಳನ್ನೂ ತೆರೆಯಬಲ್ಲಳು. ಸಾಧಕನನ್ನು ಗೋಡೆಯ ಮೇಲೆ ನೋಡುವ ಬದಲು ಅವನ ಕೆಲಸದೊಳಕ್ಕೆ ಇಣುಕುವುದು ಎಂದರೆ ಇದೇ.

ಕೊರತೆಗಳಿಲ್ಲವೇ? ಕ್ಲಬ್ಬಿಗೆ ಸೇರಲು ಅಭಿರುಚಿ ಪರೀಕ್ಷೆ ಬರೆಯಬೇಕು. ಪರೀಕ್ಷೆಯಲ್ಲಿ ಎಡವಿದ ಮಗುವಿಗೇ ಪ್ರೇರಣೆ ಹೆಚ್ಚು ಬೇಕಿತ್ತಲ್ಲ! ಶಿಬಿರಕ್ಕೆಂದು ಮಾಡಿದ ಆ್ಯಪ್ ಶಿಬಿರ ಮುಗಿದ ಮೇಲೆ ಯಾರ ಉಪಯೋಗಕ್ಕೆ ಬಂತೆಂದು ಕೇಳುವವರೂ ಇರಬೇಕು.

ನನ್ನ ದೊಡ್ಡ ತಕರಾರು ಕಾಸರಗೋಡಿನ ಕಡೆಯಿಂದ. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳ ಸರ್ಕಾರ ಐಸಿಟಿ ಪಠ್ಯವನ್ನು ಕನ್ನಡದಲ್ಲೇ ಅಚ್ಚುಹಾಕಿ ಕೊಡುತ್ತದೆ, ಇದು ಮೆಚ್ಚಬೇಕಾದ ಸಂಗತಿ. ಆದರೆ ಕ್ಲಬ್ಬಿನ ತರಬೇತಿಯಲ್ಲಿ ಭಾಷೆಯ ಪಾಲಿಗಿರುವುದು ‘ಮಲಯಾಳಂ ಕಂಪ್ಯೂಟಿಂಗ್’. ಅದನ್ನು ಕಲಿಯಲಿ, ಬೇಡವೆನ್ನುವುದಿಲ್ಲ. ಆದರೆ ಕನ್ನಡದಲ್ಲೂ ತೆರೆದು ನೋಡಬೇಕಾದ ಕೆಲಸಗಳಿವೆ. ಗಡಿಯಿಂದ ಅಷ್ಟೇನೂ ದೂರವಿಲ್ಲದ ಮಂಗಳೂರಿನ ಬಳಿಯ ಕಿನ್ನಿಕಂಬಳದವರು ಕೆ.ಪಿ. ರಾವ್; ನಾವು ಇವತ್ತು ‘ನುಡಿ’ ತಂತ್ರಾಂಶದಲ್ಲಿ ಕುಟ್ಟುವ ಕೀಲಿಮಣೆಯ ವಿನ್ಯಾಸ ಅವರದು. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಲೋಗೋ ಭಾಷೆಯನ್ನು ಯು.ಬಿ. ಪವನಜ ಕನ್ನಡಕ್ಕೆ ತಂದರು: ಆಮೆಗೆ ಕನ್ನಡದಲ್ಲೇ ಆಜ್ಞೆ ಕೊಟ್ಟರೆ ಅದು ಪರದೆಯ ಮೇಲೆ ಚಿತ್ರ ಬಿಡಿಸುತ್ತದೆ. ಹಾಗಿರುವಾಗ ಕುಂಬಳೆಯ ಮಗು ಬಿಲ್ ಗೇಟ್ಸ್ ಹೆಸರನ್ನಷ್ಟೇ ಬಾಯಿಪಾಠ ಮಾಡುವುದು ಏಕೆ? ಕರ್ನಾಟಕದ ಶಾಲೆಗಳ ಸ್ಥಿತಿಯೂ ಇದಕ್ಕಿಂತ ಉತ್ತಮವಿದೆ ಎನ್ನುವ ಧೈರ್ಯ ನನಗಿಲ್ಲ.

ಕನ್ನಡ ಮಾಧ್ಯಮದ ಲಿಟಲ್ ಕೈಟ್ಸ್ ಘಟಕಗಳಿಗೆ ‘ಕನ್ನಡ ಕಂಪ್ಯೂಟಿಂಗ್’ ಎಂಬ ಒಂದು ಪಾಠ ಬರೆಯುವುದು ಕೈಟ್‌ಗೆ ಕಷ್ಟವೇನಲ್ಲ. ಒತ್ತಕ್ಷರ ಯೂನಿಕೋಡಿನಲ್ಲಿ ಹೇಗೆ ಮೂಡುತ್ತದೆ, ‘ಕ್ಷ’ ಬರೆಯಲು ಎಷ್ಟು ಕೋಡ್ ಬೇಕು ಎಂಬಲ್ಲಿಂದ ಅದನ್ನು ಆರಂಭಿಸಬಹುದು.